ಅಂಗಡಿಯವರ ಮರಣ ಮತ್ತು ನಮ್ಮ ಬಾಕಿ

ಊರಿನ ಜನಪ್ರಿಯ ಅಂಗಡಿಯವರೊಬ್ಬರು ತೀರಿಕೊಂಡರೆ "ಬಹಳ ಒಳ್ಳೆಯವರಿದ್ದರು" ಎಂಬ ಮಾತು ಎಲ್ಲರ ಬಾಯಲ್ಲೂ ಕೇಳಿಬರುತ್ತದೆ. ಇದು ಸಣ್ಣ ಮಾತಲ್ಲ. ಜನಾಝಾವೊಂದು ಹಾದುಹೋದಾಗ ಜನರು ಮೃತನ ಒಳಿತನ್ನು ಹೊಗಳಿದರು. ಅವರ ಆ ಸಾಕ್ಷ್ಯಕ್ಕೆ ಅಲ್ಲಾಹನ ಬಳಿ ಬೆಲೆಯಿದೆಯೆಂದು ಪ್ರವಾದಿ(ಸ)ರು ತಿಳಿಸಿದರು. ಆದರೆ ಹೊಗಳಿದ ಮಾತ್ರಕ್ಕೆ ನಮ್ಮ ಕರ್ತವ್ಯ ಮುಗಿಯಿತೇ?

ಬೆಂಗಳೂರಿನ ಪ್ರೀಮಿಯರ್ ಬುಕ್ ಶಾಪಿನ ಟಿ.ಎಸ್. ಶಾನಭಾಗರ ಹೆಸರನ್ನು ಅನೇಕರು ಕೇಳಿರಬಹುದು. 1971ರಲ್ಲಿ ಆರಂಭಿಸಿದ ಆ ಪುಟ್ಟ ಅಂಗಡಿಯಲ್ಲಿ ಪುಸ್ತಕಗಳು ಛಾವಣಿಯೆತ್ತರಕ್ಕೆ ರಾಶಿ ಬಿದ್ದಿದ್ದರೂ, ಕೇಳಿದ್ದನ್ನು ಅವರು ಕ್ಷಣದಲ್ಲಿ ತೆಗೆದುಕೊಡುತ್ತಿದ್ದರು. ಕೇಳದೆಯೇ ರಿಯಾಯಿತಿ ನೀಡುತ್ತಿದ್ದರು. 2009ರಲ್ಲಿ ಅಂಗಡಿ ಮುಚ್ಚಿತು. 2021ರ ಮೇ 4ರಂದು ಅವರು ಕೋವಿಡ್‌ನಿಂದ ನಿಧನರಾದಾಗ ಜನರು ಸೇರುವಂತಿರಲಿಲ್ಲ. ಆದರೂ ಓದುಗರು ಅವರ ಸೌಜನ್ಯವನ್ನು ಪ್ರೀತಿಯಿಂದ ಸ್ಮರಿಸಿದರು. ಆ ಅಂಗಡಿಯಿಂದ ಇನ್ನೇನನ್ನೂ ಪಡೆಯಲಾರದವರು ಆಡಿದ ಮಾತದು. ಒಳಿತು ಯಾವ ಸಮುದಾಯದವರಲ್ಲಿದ್ದರೂ ಅದನ್ನು ಒಪ್ಪಿಕೊಳ್ಳುವುದು ನ್ಯಾಯ.

ನಮ್ಮ ಕಮಲಾಪುರದಂತಹ ಊರಿನ ಕಿರಾಣಿ ಅಂಗಡಿಯ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ವಿಜಯನಗರ ಕಾಲದ ಕಾಲುವೆಗಳ ನೀರುಂಡು ಭತ್ತ, ಬಾಳೆ, ಕಬ್ಬು ಬೆಳೆಯುವ ನಾಡಿದು. ಕೂಲಿ ಕೈಗೆ ಬರುವವರೆಗೆ, ಬೆಳೆ ಮಾರಾಟವಾಗುವವರೆಗೆ ಎಷ್ಟೋ ಮನೆಗಳ ಒಲೆ ಉರಿಯುವುದು ಉದ್ರಿಯಿಂದಲೇ. ಆ ಉದ್ರಿಯೆಲ್ಲವೂ ಪುಸ್ತಕದಲ್ಲಿ ಬರೆದಿರುವುದಿಲ್ಲ. ನಂಬಿಕೆಯ ಮೇಲೆ ಕೊಟ್ಟು ನೆನಪಿನಲ್ಲೇ ಇಟ್ಟುಕೊಂಡದ್ದೂ ಇರುತ್ತದೆ. ಅಂಗಡಿಯವರು ಕಣ್ಮುಚ್ಚಿದ ಮೇಲೆ ಆ ಲೆಕ್ಕವನ್ನು ಬಲ್ಲವರು ಇಬ್ಬರೇ: ಪಡೆದುಕೊಂಡವನು ಮತ್ತು ಅಲ್ಲಾಹನು.

ಕೊಟ್ಟವರೇ ಹೋದರು, ಇನ್ನಾರಿಗೆ ಕೊಡುವುದು ಎಂದು ಕೆಲವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಸಾಲವುಳಿಸಿ ಮೃತನಾದವನೊಬ್ಬನ ಜನಾಝಾ ನಮಾಝ್‌ಗೆ ಪ್ರವಾದಿ(ಸ)ರು ಮುಂದಾಗಲಿಲ್ಲ. ಅಬೂ ಕತಾದಾ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ನಮಾಝ್ ನಿರ್ವಹಿಸಿದರು. ಸಾಲಗಾರನ ಮರಣದಿಂದಲೇ ಸಾಲ ಅಳಿಯುವುದಿಲ್ಲವೆಂದಾದರೆ, ಸಾಲ ಕೊಟ್ಟವರ ಮರಣದಿಂದ ಅಳಿಯುವುದು ಹೇಗೆ? ಅದು ಈಗ ವಾರಸುದಾರರ ಸೊತ್ತು. ಅವರಲ್ಲಿ ಅಪ್ರಾಪ್ತ ಮಕ್ಕಳಿದ್ದರೆ ಆ ಪಾಲು ಅನಾಥರ ಹಕ್ಕು. ಪ್ರಾಪ್ತವಯಸ್ಕರು ತಮ್ಮ ಪಾಲನ್ನು ಮನ್ನಿಸಬಹುದು. ಮಕ್ಕಳ ಪಾಲನ್ನು ಮನ್ನಿಸುವ ಅಧಿಕಾರ ಅವರಿಗಿಲ್ಲ. ಅನಾಥರ ಸೊತ್ತು ತಿನ್ನುವುದರ ಬಗ್ಗೆ ಕುರ್‌ಆನ್ ನೀಡಿರುವ ಎಚ್ಚರಿಕೆಯನ್ನು ಅರಿಯದವರಾರು?

ಕೈಯಲ್ಲಿ ಹಣವಿಲ್ಲದಿದ್ದರೆ ನಾಚಬೇಕಾಗಿಲ್ಲ. ಕಷ್ಟದಲ್ಲಿರುವ ಸಾಲಗಾರನಿಗೆ ಅವಧಿ ನೀಡಬೇಕೆಂಬುದೂ ಕುರ್‌ಆನಿನ ಆದೇಶವೇ. ಆದರೆ ಬಾಕಿಯಿರುವುದನ್ನು ಮನೆಯವರಿಗೆ ತಿಳಿಸಿ, ಮೊತ್ತವನ್ನು ಬರೆದುಕೊಟ್ಟು, ಅವಧಿ ಕೇಳುವುದು ನಮ್ಮ ಹೊಣೆ.

ಸಹೋದರ ಸಹೋದರಿಯರೇ, ಸಂತಾಪ ಸೂಚಿಸಲು ಆ ಮನೆಗೆ ಹೋಗುವಾಗ ಬಾಕಿಯನ್ನೂ ಜೊತೆಗೆ ಒಯ್ಯಿರಿ. ಬದುಕಿದ್ದಾಗ ನಮ್ಮನ್ನು ನಂಬಿದವರಿಗೆ ಸಲ್ಲಬೇಕಾದ ಗೌರವ ಇದೇ. ಅಲ್ಲಾಹನು ನಮಗೆ ಆ ಸದ್ಬುದ್ಧಿಯನ್ನು ಕರುಣಿಸಲಿ. ಆಮೀನ್.