ಬಿಟ್ಟ ಅಸ್ತ್ರ, ಕೊಟ್ಟ ಮಾತು

ಕಾರವಾರದಿಂದ ಇಳಕಲ್ಲಿಗೆ ಹೋಗುವ ಹೆದ್ದಾರಿ ಕಾಳಿ ನದಿಯ ಬದಿ ಹಿಡಿದು ಘಟ್ಟದತ್ತ ಸಾಗುತ್ತದೆ. ಆ ದಾರಿಯಲ್ಲಿ, ಕದ್ರಾ ಅಣೆಕಟ್ಟೆಯ ಕೆಳಗೆ, ಮಲ್ಲಾಪುರ ಸಿಗುತ್ತದೆ. ಕೈಗಾ ಅಣು ವಿದ್ಯುತ್ ಸ್ಥಾವರದ ನೌಕರರ ಟೌನ್‌ಶಿಪ್ ಇರುವುದು ಇಲ್ಲೇ. ಕನ್ನಡ, ಕೊಂಕಣಿಗಳ ಜೊತೆಗೆ ದೇಶದ ಬೇರೆ ಬೇರೆ ಭಾಷೆಗಳು ಕಿವಿಗೆ ಬೀಳುವ ಊರು. ಇಲ್ಲಿನವರಿಗೆ ಅಣು ಎಂದರೆ ಪಾಳಿ, ಸಂಬಳ, ಮಕ್ಕಳ ಶಾಲೆ, ಆಗೊಮ್ಮೆ ಈಗೊಮ್ಮೆ ನಡೆಯುವ ತುರ್ತುಸ್ಥಿತಿಯ ಅಣಕು ಕಾರ್ಯಾಚರಣೆ. ಹಿರೋಶಿಮಾ, ಪೋಖ್ರಾನ್ ಎಂಬ ಹೆಸರುಗಳು ಅವರಿಗೆ ಪತ್ರಿಕೆಯಲ್ಲಿ ಓದಿದ ಹೆಸರುಗಳು.

ಆದರೆ ಜಗತ್ತಿನಿಂದ ಅಣ್ವಸ್ತ್ರಗಳೇ ತೊಲಗಬೇಕು ಎಂದು ನಾಯಕರು ಆಡಿದ ಮಾತಿನ ಚರಿತ್ರೆಯನ್ನು ಹಿಡಿದು ಹೊರಟವರು ಈ ಕಾಳಿ ದಂಡೆಯನ್ನು ದಾಟದೆ ಮುಂದೆ ಹೋಗಲಾರರು.

1986ರ ಅಕ್ಟೋಬರ್ 24 ವಿಶ್ವಸಂಸ್ಥೆಯ ದಿನ. ಅಂದು ಪ್ರಧಾನಿ ರಾಜೀವ್ ಗಾಂಧಿ ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಇಟ್ಟರು. ಸರಿಯಾಗಿ 34 ದಿನಗಳ ಬಳಿಕ, ನವೆಂಬರ್ 27ರಂದು, ಅದೇ ಕೈ ಒಂದು ಕಾಗದಕ್ಕೆ ಸಹಿ ಹಾಕಿತು. ಸೋವಿಯತ್ ನಾಯಕ ಮಿಖಾಯಿಲ್ ಗೊರ್ಬಚೆವ್ ಜೊತೆ ಹೊರಡಿಸಿದ ದೆಹಲಿ ಘೋಷಣೆ ಅದು. ಅಣ್ವಸ್ತ್ರವಿಲ್ಲದ, ಹಿಂಸೆಯಿಲ್ಲದ ಜಗತ್ತು ಅದರ ಗುರಿ. ಭೂಮಿಯ ಮೇಲಿನ ಅಣು ಸಿಡಿತಲೆಗಳ ಸಂಖ್ಯೆ ಉತ್ತುಂಗಕ್ಕೇರಿ ಸುಮಾರು 70 ಸಾವಿರ ಮುಟ್ಟಿದ್ದೂ ಅದೇ ವರ್ಷ. 1988ರ ಜೂನ್ 9ರಂದು ರಾಜೀವ್ ವಿಶ್ವಸಂಸ್ಥೆಯ ಮಹಾಸಭೆಯ ವಿಶೇಷ ಅಧಿವೇಶನದಲ್ಲಿ ನಿಂತು, 2010ರೊಳಗೆ ಮೂರು ಹಂತಗಳಲ್ಲಿ ಎಲ್ಲ ಅಣ್ವಸ್ತ್ರಗಳನ್ನೂ ಇಲ್ಲವಾಗಿಸುವ ಯೋಜನೆಯನ್ನು ಮುಂದಿಟ್ಟರು. ಮರುವರ್ಷ ಕೈಗಾದಲ್ಲಿ ಮೊದಲ ರಿಯಾಕ್ಟರಿನ ಕಾಂಕ್ರೀಟು ಬಿತ್ತು.

ಇಂಥ ಮಾತಾಡಿದವರು ರಾಜೀವ್ ಒಬ್ಬರೇ ಅಲ್ಲ. 1984ರಲ್ಲಿ ಇಂದಿರಾ ಗಾಂಧಿ, ಸ್ವೀಡನ್ನಿನ ಓಲೋಫ್ ಪಾಲ್ಮೆ, ತಾಂಜಾನಿಯಾದ ಜೂಲಿಯಸ್ ನೈರೇರೆ ಮತ್ತಿತರರು ಸೇರಿ ಆರು ರಾಷ್ಟ್ರಗಳ ಮನವಿ ಹೊರಡಿಸಿದ್ದರು. 1974ರ ಮೇ 18ರಂದು ಪೋಖ್ರಾನಿನಲ್ಲಿ ಮೊದಲ ಅಣು ಸ್ಫೋಟ ನಡೆದದ್ದು ಅದೇ ಇಂದಿರಾ ಕಾಲದಲ್ಲಿ. ಅದರ ಮುಂಚೂಣಿಯಲ್ಲಿದ್ದ ವಿಜ್ಞಾನಿ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. 1996ರಲ್ಲಿ ಹಾಸನದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ ಭಾರತ ಸಮಗ್ರ ಅಣುಪರೀಕ್ಷಾ ನಿಷೇಧ ಒಪ್ಪಂದವನ್ನು ವಿರೋಧಿಸಿತು. ಬಾಂಬ್ ಇರುವ ದೇಶಗಳು ಅವನ್ನು ಬಿಡುವುದಕ್ಕೆ ಗಡುವೇ ಇಲ್ಲ ಎಂಬುದು ಭಾರತ ಕೊಟ್ಟ ಕಾರಣ. ಕಾರಣ ಸರಿಯಾಗಿತ್ತು. ಇಪ್ಪತ್ತು ತಿಂಗಳ ನಂತರ, 1998ರ ಮೇ 11ರ ಬುದ್ಧ ಪೂರ್ಣಿಮೆಯಂದು, ಗಡುವು ಕೇಳಿದ ದೇಶವೇ ಬಾಂಬ್ ಪರೀಕ್ಷಿಸಿತು. ಅಮೆರಿಕದ ಬರಾಕ್ ಒಬಾಮ 2009ರ ಏಪ್ರಿಲ್‌ನಲ್ಲಿ ಪ್ರಾಗ್ ನಗರದಲ್ಲಿ ಅಣ್ವಸ್ತ್ರಮುಕ್ತ ಜಗತ್ತಿನ ಮಾತಾಡಿದಾಗ ಅವರ ಬೆನ್ನ ಹಿಂದೆ ಸಾವಿರಾರು ಸಿಡಿತಲೆಗಳಿದ್ದವು.

ಕನ್ನಡದ ಮನಸ್ಸಿಗೆ ಇಲ್ಲೊಂದು ಮುಳ್ಳು ಚುಚ್ಚುತ್ತದೆ. ನುಡಿ ಮತ್ತು ನಡೆ ಒಂದಾಗದಿದ್ದರೆ ನುಡಿಗೆ ಬೆಲೆಯಿಲ್ಲ ಎಂಬ ಅಳತೆಗೋಲನ್ನು ಹನ್ನೆರಡನೆಯ ಶತಮಾನದ ಶರಣರು ಈ ನಾಡಿನ ಕೈಗೆ ಕೊಟ್ಟು ಹೋಗಿದ್ದಾರೆ. ಆ ಕೋಲಿನಿಂದ ಅಳೆದರೆ ಈ ನಾಯಕರ ಮಾತುಗಳೆಲ್ಲ ಜೊಳ್ಳೇ? ಬಾಂಬನ್ನು ಕೈಯಲ್ಲಿ ಹಿಡಿದವನಿಗೆ ಬಾಂಬ್ ಬೇಡ ಎನ್ನುವ ಅಧಿಕಾರ ಇದೆಯೇ?

ಉತ್ತರ ಹುಡುಕಲು ಉತ್ತರ ಕನ್ನಡ ಜಿಲ್ಲೆಯನ್ನು ಬಿಟ್ಟು ಹೋಗಬೇಕಿಲ್ಲ. ಇಲ್ಲಿ ಸೋಂದೆಯ ಜೈನ ಮಠವಿದೆ, ಗೇರುಸೊಪ್ಪೆಯ ಹಳೆಯ ಬಸದಿಗಳಿವೆ. ಜೈನ ಚಿಂತನೆ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆ, ಮನೆವಾರ್ತೆಯಲ್ಲಿ ಆಗುವ ಆರಂಭಿ ಹಿಂಸೆ, ದುಡಿಮೆಯಲ್ಲಿ ಆಗುವ ಉದ್ಯೋಗಿ ಹಿಂಸೆ, ಮೇಲೆ ಬಿದ್ದವರನ್ನು ತಡೆಯುವಾಗ ಆಗುವ ವಿರೋಧಿ ಹಿಂಸೆ. ಗೃಹಸ್ಥ ಮೊದಲನೆಯದನ್ನು ಬಿಡಲೇಬೇಕು. ಉಳಿದವುಗಳಲ್ಲಿ ಅವನಿಗೆ ಒಂದಿಷ್ಟು ವಿನಾಯಿತಿ ಉಂಟು. ಅಣ್ವಸ್ತ್ರ ಹೊಂದಿದ ದೇಶಗಳೆಲ್ಲ ತಮ್ಮದು ವಿರೋಧಿ ಹಿಂಸೆ, ಬರೀ ಆತ್ಮರಕ್ಷಣೆ ಎನ್ನುತ್ತವೆ. ಆದರೆ ಒಂದು ನಗರದ ಹಸುಳೆ, ಮುದುಕರನ್ನೆಲ್ಲ ಒಟ್ಟಿಗೆ ಸುಡುವ ಸಲಕರಣೆಯನ್ನು ವರ್ಷಗಟ್ಟಲೆ ಒರೆಸಿ, ಎಣ್ಣೆ ಹಚ್ಚಿ, ಗುರಿ ಲೆಕ್ಕ ಹಾಕಿ ಇಟ್ಟುಕೊಳ್ಳುವುದರಲ್ಲಿ ಸಂಕಲ್ಪ ಇಲ್ಲವೆನ್ನಲಾದೀತೇ? ಹೊಡೆಯುತ್ತೇನೆಂಬ ಮನಸ್ಸು ನಿಜವಾಗಿ ಇದ್ದರಷ್ಟೇ ಎದುರಾಳಿ ಹೆದರುತ್ತಾನೆ. ಬೆದರಿಕೆಯ ನೀತಿ ನಿಂತಿರುವುದೇ ಆ ಸಂಕಲ್ಪದ ಮೇಲೆ.

2019ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಹಿರೋಶಿಮಾದಲ್ಲಿ ನಿಂತು ಹೇಳಿದ್ದೂ ಇದೇ ದಿಕ್ಕಿನ ಮಾತು: ಅಣ್ವಸ್ತ್ರವನ್ನು ಬಳಸುವುದು ಮಾತ್ರವಲ್ಲ, ಇಟ್ಟುಕೊಳ್ಳುವುದೂ ಅನೀತಿ. ಕ್ರೈಸ್ತ ಧರ್ಮಗುರು ಮತ್ತು ಜೈನ ಗೃಹಸ್ಥರ ನಡಾವಳಿಯಾದ ಶ್ರಾವಕಾಚಾರ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಹೊಸ್ತಿಲಲ್ಲಿ ಭೇಟಿಯಾಗುತ್ತವೆ.

ಇದೇ ಜಿಲ್ಲೆಯ ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ ನಿರಾಶ್ರಿತರು ನೆಲೆಸಿದ್ದಾರೆ. ಅಲ್ಲಿನ ಬೌದ್ಧ ವಿಹಾರಗಳಿಗೆ ದಲೈ ಲಾಮಾ ಹಲವು ಬಾರಿ ಬಂದಿದ್ದಾರೆ. ಅಣ್ವಸ್ತ್ರಗಳು ತೊಲಗಬೇಕೆಂದು ದಶಕಗಳಿಂದ ಹೇಳುತ್ತ ಬಂದವರು ಅವರು. 1998ರಲ್ಲಿ ಭಾರತದ ಮೇಲೆ ಜಗತ್ತು ಮುಗಿಬಿದ್ದಾಗ, ಕೆಲವು ದೇಶಗಳ ಬಳಿ ಮಾತ್ರ ಇದ್ದರೆ ಸರಿ, ಉಳಿದವರ ಬಳಿ ಇರಬಾರದು ಎಂಬ ಎಣಿಕೆ ಪ್ರಜಾಸತ್ತೆಗೆ ಒಪ್ಪುವಂಥದ್ದಲ್ಲ ಎಂದೂ ಹೇಳಿದರು. ಅನೇಕರಿಗೆ ಅದು ಕಸಿವಿಸಿ ತಂದಿತು. ಆದರೆ ಅಹಿಂಸೆಯ ಮಾತು ನ್ಯಾಯದ ಮಾತನ್ನು ಬಿಟ್ಟು ಒಂಟಿಯಾಗಿ ನಡೆಯಲಾರದು ಎಂಬುದನ್ನು ಅದು ನೆನಪಿಸುತ್ತದೆ.

ಮಹಾಭಾರತ ಯುದ್ಧದ ಕೊನೆಯಲ್ಲಿ ಬರುವ ಒಂದು ಪ್ರಸಂಗ ಈ ತೊಡಕನ್ನು ಬಿಚ್ಚಿ ತೋರಿಸುತ್ತದೆ. ರಾತ್ರಿಯ ಕೊಲೆಗಳ ಬಳಿಕ ಬೆನ್ನಟ್ಟಿ ಬಂದ ಭೀಮನನ್ನು ಕಂಡು ಅಶ್ವತ್ಥಾಮ ಹುಲ್ಲುಕಡ್ಡಿಯೊಂದನ್ನು ಮಂತ್ರಿಸಿ ಬ್ರಹ್ಮಶಿರಾಸ್ತ್ರ ಬಿಡುತ್ತಾನೆ. ಅರ್ಜುನನೂ ಅದೇ ಅಸ್ತ್ರ ಬಿಡುತ್ತಾನೆ. ನಡುವೆ ವ್ಯಾಸ, ನಾರದರು ಬಂದು ನಿಲ್ಲುತ್ತಾರೆ. ಅರ್ಜುನ ಹಿಂದಕ್ಕೆ ಕರೆಯುತ್ತಾನೆ. ಅಶ್ವತ್ಥಾಮನಿಗೆ ಆಗುವುದಿಲ್ಲ. ಭಯದಿಂದ ಬಿಟ್ಟೆ, ಹಿಂದಕ್ಕೆ ಕರೆಯಲಾರೆ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಅಸ್ತ್ರ ಇನ್ನೂ ಹುಟ್ಟದ ಮಗುವಿನತ್ತ, ಉತ್ತರೆಯ ಬಸಿರಿನತ್ತ ತಿರುಗುತ್ತದೆ.

ಇಲ್ಲಿ ಅರ್ಜುನನ ಕೈಯೂ ಶುದ್ಧವಲ್ಲ. ಅವನೂ ಬಿಟ್ಟವನೇ. ಆದರೂ ಋಷಿಗಳ ಮಾತು ಅವನಿಗೆ ತಟ್ಟುತ್ತದೆ, ಏಕೆಂದರೆ ಹಿಂದಕ್ಕೆ ಕರೆಯುವ ವಿದ್ಯೆಯನ್ನು ಅವನು ಕಲಿತಿದ್ದಾನೆ. ಆ ವಿದ್ಯೆ ಇತಿಹಾಸದಲ್ಲೂ ಕಂಡಿದೆ. ದಕ್ಷಿಣ ಆಫ್ರಿಕಾ ತಾನೇ ಮಾಡಿದ ಆರು ಬಾಂಬುಗಳನ್ನು ತಾನೇ ಕಳಚಿತು. 1993ರ ಮಾರ್ಚ್‌ನಲ್ಲಿ ಅಧ್ಯಕ್ಷ ಡಿ ಕ್ಲರ್ಕ್ ಅದನ್ನು ಸಂಸತ್ತಿನಲ್ಲಿ ಪ್ರಕಟಿಸಿದರು. 1986ರ 70 ಸಾವಿರ ಸಿಡಿತಲೆಗಳು 2025ರ ಆರಂಭಕ್ಕೆ 12,241ಕ್ಕೆ ಇಳಿದಿದ್ದವು ಎಂದು ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಅಂದಾಜಿಸಿದೆ. ಇಳಿಸಿದವರು ಬಾಂಬ್ ಹಿಡಿದವರೇ. ಇದರ ಎದುರಿಗೆ ಉಕ್ರೇನಿನ ನೋವನ್ನೂ ಇಡಬೇಕು. 1994ರಲ್ಲಿ ಭದ್ರತೆಯ ಭರವಸೆ ಪಡೆದು ತನ್ನ ನೆಲದಲ್ಲಿದ್ದ ಸೋವಿಯತ್ ಅಸ್ತ್ರಗಳನ್ನು ಬಿಟ್ಟುಕೊಟ್ಟ ದೇಶದ ಮೇಲೆ ಭರವಸೆ ಕೊಟ್ಟವರಲ್ಲಿ ಒಬ್ಬರೇ ಏರಿ ಹೋದರು. ಬಿಟ್ಟುಕೊಟ್ಟದ್ದು ಅಲ್ಲಿ ತಪ್ಪಾಗಲಿಲ್ಲ, ಕೊಟ್ಟ ಮಾತು ಮುರಿದದ್ದು ತಪ್ಪಾಯಿತು.

ನಡೆಯಿಲ್ಲದ ನುಡಿ ಸುಳ್ಳೇ ಆಗಬೇಕೆಂದಿಲ್ಲ. ಅದು ಬರೆದುಕೊಟ್ಟ ಸಾಲಪತ್ರವೂ ಆಗಬಹುದು. ದೆಹಲಿ ಘೋಷಣೆ, 1988ರ ಯೋಜನೆ ಅಂಥ ಪತ್ರಗಳು. ವಸೂಲಿಗೆ ಹೋಗುವ ಹಕ್ಕು ಯಾರಿಗೆ? ಬೇರೆಲ್ಲರಿಗಿಂತ ಮೊದಲು ಈ ಕರಾವಳಿಯವರಿಗೆ. ಸೀಬರ್ಡ್‌ಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಜನ ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದರು. ಪರಿಹಾರದ ವ್ಯಾಜ್ಯ ದಶಕಗಳ ಕಾಲ ನಡೆಯಿತು. 1930ರಲ್ಲಿ ಉಪ್ಪು ತೆಗೆದು ಸರ್ಕಾರವನ್ನು ಎದುರಿಸಿದ ಅಂಕೋಲೆಯ ನೆಲ ಇದು. ಕೈಗಾ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಇಲ್ಲಿಂದ ಲೋಕಸಭೆಗೆ ನಿಂತರು, ಸೋತರು. ಆದರೆ ಪ್ರಶ್ನೆ ಕೇಳುವ ರೂಢಿ ಸೋಲಲಿಲ್ಲ.

ಕೇಳಬೇಕಾದ ಪ್ರಶ್ನೆ ಇನ್ನೂ ಇದೆ. ಕೈಗಾದಲ್ಲಿ ತಯಾರಾಗುವುದು ವಿದ್ಯುತ್. ತಲಾ 220 ಮೆಗಾವಾಟ್‌ನ ನಾಲ್ಕು ಘಟಕ. ಮೊದಲ ಘಟಕ 2018ರ ಡಿಸೆಂಬರ್ 31ಕ್ಕೆ 962 ದಿನ ಎಡೆಬಿಡದೆ ಓಡಿ ದಾಖಲೆ ಮಾಡಿತು. ಮಲ್ಲಾಪುರದವರು ಹೆಮ್ಮೆಪಡಬೇಕಾದ ದುಡಿಮೆ. ಆದರೆ 2006ರಲ್ಲಿ ಅಮೆರಿಕದೊಂದಿಗಿನ ಅಣು ಒಪ್ಪಂದಕ್ಕಾಗಿ ಭಾರತ ತನ್ನ ರಿಯಾಕ್ಟರುಗಳನ್ನು ವಿಂಗಡಿಸಿದಾಗ, ಕೈಗಾದ ಈ ನಾಲ್ಕೂ ಘಟಕಗಳನ್ನು ಅಂತಾರಾಷ್ಟ್ರೀಯ ತಪಾಸಣೆಯ ಹೊರಗೆ ಉಳಿಸಿಕೊಂಡಿತು. ಉರಿದ ಯುರೇನಿಯಂ ಇಂಧನದಲ್ಲಿ ಪ್ಲುಟೋನಿಯಂ ಇರುತ್ತದೆ. ಅದರಿಂದ ಅಸ್ತ್ರ ಆಗುತ್ತಿದೆ ಎಂದು ಇದರ ಅರ್ಥವಲ್ಲ. ಬಾಗಿಲು ತೆರೆದಿಟ್ಟಿದ್ದಾರೆ ಎಂಬುದಷ್ಟೇ ಅರ್ಥ. 2017ರ ಜುಲೈ 7ರಂದು 122 ದೇಶಗಳು ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಮತ ಹಾಕಿದಾಗ, 1988ರಲ್ಲಿ ಇದನ್ನೇ ಬೇಡಿದ್ದ ಭಾರತ ಆ ಸಭೆಗೇ ಹೋಗಲಿಲ್ಲ. ಸಾಲಪತ್ರವನ್ನು ಮುಂದೆ ಹಿಡಿಯಬೇಕಾದ ಜಾಗ ಇದು.

ತೀರಿಸಿದ ಒಂದು ಸಣ್ಣ ಕಂತೂ ಉಂಟು. 1988ರ ಡಿಸೆಂಬರ್ 31ರಂದು, ರಾಜೀವ್ ಗಾಂಧಿ ಸಾರ್ಕ್ ಶೃಂಗಸಭೆಗಾಗಿ ಇಸ್ಲಾಮಾಬಾದಿಗೆ ಹೋಗಿದ್ದಾಗ, ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂಬ ಒಪ್ಪಂದಕ್ಕೆ ಭಾರತ, ಪಾಕಿಸ್ತಾನಗಳೆರಡೂ ಸಹಿ ಹಾಕಿದವು. ಅಣು ವಿದ್ಯುತ್ ಸ್ಥಾವರಗಳೆಲ್ಲ ಅದರ ವ್ಯಾಪ್ತಿಯಲ್ಲಿವೆ. 1992ರಿಂದ ಪ್ರತಿ ಜನವರಿ 1ರಂದು ದೆಹಲಿಯೂ ಇಸ್ಲಾಮಾಬಾದೂ ತಮ್ಮ ತಮ್ಮ ಸ್ಥಾವರಗಳ ಪಟ್ಟಿಯನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಕಾರ್ಗಿಲ್ ಯುದ್ಧದ ನಂತರವೂ, ಮುಂಬೈ ದಾಳಿಯ ನಂತರವೂ ಅದು ತಪ್ಪಲಿಲ್ಲ. ಹೊಸ ವರ್ಷದ ಆ ಬೆಳಗ್ಗೆ ಮಲ್ಲಾಪುರದಿಂದ ಪಾಳಿಗೆ ಹೋಗುವವರು ಎಂದಿನಂತೆ ಬಸ್ಸು ಹತ್ತುತ್ತಾರೆ.