ಪುಕ್ಕಟ ಟಿಕೆಟ್ಟಿನ ಪುಣ್ಯ ಯಾರದು?

"ಯಪ್ಪಾ, ಪುಕ್ಕಟ ಹೊಂಟೀನಿ. ದರ್ಶನದ ಪುಣ್ಯ ನನಗ ಬರ್ತೈತೋ, ಸರ್ಕಾರಕ್ಕ ಹೋಗ್ತೈತೋ?" ಧಾರವಾಡದಿಂದ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಬಸ್ಸಿನಲ್ಲಿ ಈ ಪ್ರಶ್ನೆ ನನಗೆ ಎಷ್ಟೋ ಸಲ ಎದುರಾಗಿದೆ. ನಾನು ಕಂಡಕ್ಟರ್. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ, ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದರ ಇಲ್ಲದಂತಾಯಿತು. ಹೀಗೆ ಕೇಳುವವರು ಹೆಚ್ಚಾಗಿ ಮುದುಕಿಯರು, ಕೂಲಿ ಮಾಡುವವರು. ದುಡಿದ ದುಡ್ಡಿನಲ್ಲಿ ಮಾಡಿದ್ದೇ ಯಾತ್ರೆ ಎಂದು ನಂಬಿ ಬೆಳೆದವರು. ನಕ್ಕು ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಮಡಚಿ ಮಡಚಿ ಅರಿವೆಯಷ್ಟು ಮೆತ್ತಗಾಗಿದ್ದ ಇಪ್ಪತ್ತರ ನೋಟನ್ನು ನನ್ನ ಕೈಗೆ ತುರುಕಿದಳು. "ಇದನ್ನರ ತಗೋ, ಋಣ ಬ್ಯಾಡ." ಆಧಾರ್ ನೋಡಿ, ಮಷೀನಿನಲ್ಲಿ ಶೂನ್ಯ ಟಿಕೆಟ್ ಹೊಡೆದುಕೊಟ್ಟೆ. "ಯವ್ವಾ, ಇದು ಯಾರ ದಾನಾನೂ ಅಲ್ಲ" ಅಂದೆ. ಆಕೆ ಆ ಚೀಟಿಯನ್ನು ಹಿಂದೆಮುಂದೆ ತಿರುವಿ ನೋಡಿ, ನೋಟಿನ ಜೊತೆಗೇ ಗಂಟು ಕಟ್ಟಿಕೊಂಡಳು. ಒಪ್ಪಿದಳೋ ಇಲ್ಲವೋ ಹೇಳಲಿಲ್ಲ.

ನಾನು ಅಂದದ್ದು ಸಮಾಧಾನದ ಮಾತಲ್ಲ. ನಾವು ಕೊಡುವ ಒಂದೊಂದು ಶೂನ್ಯ ಟಿಕೆಟ್ಟಿನ ಲೆಕ್ಕ ಹಿಡಿದೇ ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ತುಂಬಿಕೊಡಬೇಕು. ಆ ಹಣ ತೆರಿಗೆಯದು. ಸೋಪು, ಚಹಾಪುಡಿ ಕೊಳ್ಳುವಾಗಲೆಲ್ಲ ಆ ಅಜ್ಜಿಯೂ ತೆರಿಗೆ ಕಟ್ಟಿದ್ದಾಳೆ. ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನದು ಕೆಳಗೆ. ಶರಣರು ದಾಸೋಹದಲ್ಲಿ ಆ ಮೇಲು ಕೆಳಗನ್ನೇ ತೆಗೆದುಹಾಕಿದರು. ಎಲ್ಲರೂ ಸೇರಿ ಕೂಡಿಟ್ಟದ್ದನ್ನು ಬಡಿಸುವವನು ಪುಣ್ಯ ತನ್ನದು ಎನ್ನುವಂತಿಲ್ಲ. ಉಣ್ಣುವವರೂ ತಲೆ ತಗ್ಗಿಸಬೇಕಿಲ್ಲ.

ಆದರೆ ಅದೇ ಶರಣರ ನಡುವೆ ಆಯ್ದಕ್ಕಿ ಲಕ್ಕಮ್ಮನೂ ಇದ್ದಳು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಬೇಕಾದದ್ದಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದವಳು ಅವಳು. ಬಡತನದಲ್ಲಿದ್ದೂ ಹಾಗೆ ಹೇಳಿದ ಲಕ್ಕಮ್ಮ ನಮ್ಮ ಬಸ್ಸು ಹತ್ತಿದ್ದರೆ ಏನೆನ್ನುತ್ತಿದ್ದಳು? ಇದನ್ನು ನಾನು ಬಹಳ ಯೋಚಿಸಿದ್ದೇನೆ.

ಹುಣ್ಣಿಮೆ ದಿನ ಪೂರ್ತಿ ದರ ಕೊಟ್ಟು, ಕಂಬಿ ಹಿಡಿದು ನಿಂತ ಹಮಾಲರೊಬ್ಬರು ಸಿಟ್ಟಿನಿಂದ ಕೇಳಿದರು: "ದವಾಖಾನಿಗೆ ಹೋಗ್ಲಿ, ಕೆಲಸಕ್ಕ ಹೋಗ್ಲಿ. ಗುಡಿ ತಿರಗಾಕೂ ಪುಕ್ಕಟ ಬೇಕೇನ್ರಿ?" ಅವರ ಸಿಟ್ಟು ಸುಳ್ಳಲ್ಲ. ಅರ್ಧ ಸೀಟು ಗಂಡಸರಿಗೆ ಎಂಬ ನಿಯಮ ಜಾತ್ರೆಯ ಗದ್ದಲದಲ್ಲಿ ನಿಲ್ಲುವುದಿಲ್ಲ. ಬಡ ಗಂಡಾಳಿಗೂ ರಿಯಾಯಿತಿ ಬೇಕು, ಅದು ನ್ಯಾಯ. ಅದಕ್ಕಾಗಿ ಅಜ್ಜಿಯ ಯಾತ್ರೆಯನ್ನು ಕಿತ್ತುಕೊಳ್ಳಬೇಕಿಲ್ಲ. ಒಲೆ ಮತ್ತು ಹೊಲದ ನಡುವೆಯೇ ಆಯುಷ್ಯ ಕಳೆದವಳಿಗೆ ಜೋಗುಳಬಾವಿಯಲ್ಲಿ ಮಿಂದು ಗುಡ್ಡ ಹತ್ತುವುದು ಶೋಕಿಯಲ್ಲ, ಜೀವಕ್ಕೆ ಬೇಕಾದದ್ದೇ. ಹೆಚ್ಚಿನದು ಬೇಡ ಎಂಬ ಲಕ್ಕಮ್ಮನ ಮಾತು, ಕೈಯಲ್ಲಿ ದುಡ್ಡಿದ್ದೂ ಆ ಶೂನ್ಯ ಟಿಕೆಟ್ಟಿಗೇ ಕಾದು ನಿಲ್ಲುವವರಿಗೆ. ಅವರು ಟಿಕೆಟ್ ಕೊಂಡೇ ಹೋಗಬಹುದು.

ನನಗೆ ಇದಕ್ಕಿಂತ ಕಠಿಣವಾದದ್ದು ಎಲ್ಲಮ್ಮನ ಸೇವೆಗೆ ನಿಂತ ಜೋಗಪ್ಪಗಳ ವಿಷಯ. ತಲೆಯ ಮೇಲೆ ದೇವಿಯ ಜಗ, ಹೆಗಲಿಗೆ ಚೌಡಿಕೆ, ಸೀರೆ, ಹಣೆತುಂಬ ಭಂಡಾರ. ತಾಯಿ ಅವರನ್ನು ಹೆಣ್ಣಾಗಿ ಕರೆದುಕೊಂಡಿದ್ದಾಳೆ ಎಂದು ಇಡೀ ಬಸ್ಸು ಕೈ ಮುಗಿಯುತ್ತದೆ. ಕೈಯಲ್ಲಿರುವ ಹಳೆಯ ಆಧಾರ್ ಮಾತ್ರ ಗಂಡು ಅನ್ನುತ್ತದೆ. ಯೋಜನೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರೂ ಸೇರಿದ್ದಾರೆ. ಆದರೆ ಚೆಕಿಂಗಿನವರು ಹತ್ತಿದರೆ ನೋಡುವುದು ಕಾರ್ಡನ್ನು. ಒಬ್ಬರು ನನ್ನ ಮುಜುಗರ ಕಂಡು, ತಾವೇ ದುಡ್ಡು ಎಣಿಸಿ ಕೊಟ್ಟು, "ನಿನ್ನ ನೌಕರಿ ಉಳೀಲಿ ಮಗನ" ಎಂದು ಹಣೆಗೆ ಭಂಡಾರ ಹಚ್ಚಿದರು. ಅಂದು ಆ ಬಸ್ಸಿನಲ್ಲಿ ಪುಣ್ಯ ಅಂತ ಏನಾದರೂ ಇದ್ದರೆ ಅದು ಅವರದು. ನಮ್ಮ ಪಾಲಿಗೆ ಉಳಿದದ್ದು ಋಣ.

ಅದಕ್ಕೇ ನನ್ನ ವಿನಂತಿ. 2019ರ ಕಾಯ್ದೆಯ ಪ್ರಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ಜಿಲ್ಲಾಧಿಕಾರಿಗಳು ಗುರುತಿನ ಚೀಟಿ ಕೊಡುತ್ತಾರೆ. ನಿಮ್ಮೂರಿನ ಜೋಗಪ್ಪಗಳಿಗೆ ಓದುಬರಹ ಬಾರದಿದ್ದರೆ, ಓದಿದವರು ಯಾರಾದರೂ ಜೊತೆ ಕೂತು ಅರ್ಜಿ ತುಂಬಿಕೊಡಿ. ಬನದ ಹುಣ್ಣಿಮೆಯ ಜಾತ್ರೆಗೆ ಮೊದಲೇ ಆ ಕೆಲಸ ಆಗಲಿ.