ಇವತ್ತು ಶಾಲೆಯಲ್ಲಿ ಏನಾಯಿತು?

ಮಗ ಪಾಠಶಾಲೆಯಲ್ಲಿ ಏನು ಕಲಿತನೆಂದು ತಿಳಿಯಲು ಆತುರಪಟ್ಟ ತಂದೆಯರಲ್ಲಿ ನನಗೆ ಮೊದಲು ನೆನಪಾಗುವವನು ಹಿರಣ್ಯಕಶಿಪು. ಭಾಗವತದ ಏಳನೆಯ ಸ್ಕಂಧದಲ್ಲಿ ಆತ ಪ್ರಹ್ಲಾದನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಳ್ಳೆಯದೆಂದು ನಿನಗೆ ತೋರಿದುದನ್ನು ಹೇಳು ಮಗು ಎಂದು ಕೇಳುತ್ತಾನೆ. ಹಾಗೆ ಕೇಳುವಾಗ ಅವನು ರಾಕ್ಷಸನಲ್ಲ. ನಮ್ಮ ನಿಮ್ಮಂಥ ತಂದೆ. ಬಂದ ಉತ್ತರ ಅವನಿಗೆ ರುಚಿಸಲಿಲ್ಲ. ಮೊದಲ ಸಲ ನಕ್ಕು ಸುಮ್ಮನಾದ. ಎರಡನೆಯ ಸಲ ಉಪಾಧ್ಯಾಯರ ಮೇಲೆ ಹರಿಹಾಯ್ದ. ಆಮೇಲಿನ ಸಂಗತಿಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಗುರುಗಳು ಮನೆವಾರ್ತೆಗೆಂದು ಅತ್ತ ಹೋದ ಬಿಡುವಿನಲ್ಲಿ ಪ್ರಹ್ಲಾದ ಓರಗೆಯ ಹುಡುಗರನ್ನು ಕೂಡಿಸಿಕೊಂಡು ತನ್ನ ಮನಸ್ಸನ್ನು ತೋಡಿಕೊಳ್ಳುತ್ತಾನೆ. ಹುಡುಗರೆಲ್ಲ ಅವನ ಹಾದಿ ಹಿಡಿದುದನ್ನು ಕಂಡ ಗುರುಪುತ್ರ ಬೆದರಿ, ಅವಸರವಸರವಾಗಿ ಹೋಗಿ, ನಡೆದುದನ್ನು ನಡೆದಂತೆ ಅರಸನಿಗೆ ಒಪ್ಪಿಸುತ್ತಾನೆ. ವರದಿಯಲ್ಲಿ ಸುಳ್ಳಿನ ಸೋಂಕಿಲ್ಲ. ಆದರೆ ಅದು ಹುಟ್ಟಿದ್ದು ಮಗುವಿನ ಹಿತಕ್ಕಾಗಿ ಅಲ್ಲ, ಉಪಾಧ್ಯಾಯನ ಭಯದಿಂದ. ಅದನ್ನು ಕೇಳಿದ ತಂದೆ ಮಗನನ್ನು ಕೊಲ್ಲಲು ನಿಶ್ಚಯಿಸಿದ.

ಬೇಸಗೆಯ ರಜೆ ಮುಗಿದು ಶಾಲೆಗಳು ತೆರೆಯುವ ದಿನಗಳಲ್ಲಿ ಈ ಕಥೆಯನ್ನು ಎತ್ತಿದ್ದಕ್ಕೆ ಕಾರಣವುಂಟು. ಈಗ ವರದಿ ಒಪ್ಪಿಸಲು ಯಾರೂ ಓಡಬೇಕಾಗಿಲ್ಲ. ನನ್ನ ತಂಗಿ ಖಾಸಗಿ ಶಾಲೆಯೊಂದರಲ್ಲಿ ಒಂದನೆಯ ತರಗತಿಗೆ ಪಾಠ ಹೇಳುತ್ತಾಳೆ. ಶಾಲೆ ತೆರೆದ ಮೊದಲ ವಾರವೇ ತಂದೆತಾಯಿಗಳದೊಂದು ವಾಟ್ಸಾಪ್ ಗುಂಪು ಸಿದ್ಧವಾಗುತ್ತದೆ. ಪ್ರತಿ ಸಂಜೆ ಆ ದಿನದ ನಾಲ್ಕಾರು ಚಿತ್ರಗಳನ್ನು ಅದರಲ್ಲಿ ಹಾಕಬೇಕೆಂಬುದು ಆಡಳಿತದವರ ಕಟ್ಟಪ್ಪಣೆ. ಚಿತ್ರ ಹೋದ ಹತ್ತು ನಿಮಿಷದಲ್ಲಿ ಪ್ರಶ್ನೆಗಳು ಬರುತ್ತವೆ: ‘ಮಿಸ್, ನಮ್ಮವನು ಹಿಂದಿನ ಸಾಲಿನಲ್ಲಿ ಏಕಿದ್ದಾನೆ?’ ‘ನಮ್ಮ ಮಗು ನಗುತ್ತಿಲ್ಲವಲ್ಲ, ಅತ್ತಿತ್ತೆ?’ ‘ಡಬ್ಬಿಯಲ್ಲಿ ಅರ್ಧ ದೋಸೆ ಹಾಗೇ ವಾಪಸು ಬಂದಿದೆ, ನೀವು ನೋಡಲಿಲ್ಲವೆ?’ ರಾತ್ರಿ ಹತ್ತಾದರೂ ಇದು ಮುಗಿಯದು. ತಂಗಿ ಒಮ್ಮೆ ಹೇಳಿದಳು: “ಅಣ್ಣಾ, ಮಕ್ಕಳು ಮಣ್ಣಿನಲ್ಲಿ ಆಡುವಾಗ ನಾನು ಅವರ ಆಟ ನೋಡುವುದಿಲ್ಲ, ಚಿತ್ರ ಚೆನ್ನಾಗಿ ಬರುತ್ತದೆಯೋ ಇಲ್ಲವೋ ಅದನ್ನು ನೋಡುತ್ತೇನೆ.”

ಇದಕ್ಕೆ ತಂದೆತಾಯಿಗಳನ್ನು ಹಳಿದು ಬಿಡುವುದು ಸುಲಭ, ನ್ಯಾಯವಲ್ಲ. ಐದಾರು ವರ್ಷ ಕಣ್ಣೆದುರಿಗೇ ಬೆಳೆದ ಜೀವವನ್ನು ಒಂದು ಬೆಳಿಗ್ಗೆ ಗೇಟಿನೊಳಕ್ಕೆ ಕಳಿಸಿ, ಸಂಜೆಯವರೆಗೆ ಏನೂ ತಿಳಿಯದೆ ಇರುವುದು ಸಣ್ಣ ಸಂಕಟವಲ್ಲ. ಮನೆಗೆ ಬಂದ ಮಗುವನ್ನು ‘ಇವತ್ತು ಶಾಲೆಯಲ್ಲಿ ಏನಾಯಿತು?’ ಎಂದರೆ ‘ಏನೂ ಇಲ್ಲ’ ಎಂಬ ಉತ್ತರ ಎಲ್ಲ ಮನೆಗಳಲ್ಲೂ ಬರುತ್ತದೆ. ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವವರನ್ನೂ ನಾನು ಒಪ್ಪಲಾರೆ. ಕೂಲಿಮಠದ ಅಯ್ಯನವರಿಗೆ ಮಗನನ್ನು ಒಪ್ಪಿಸಿ, ‘ಕಣ್ಣೆರಡು ಬಿಟ್ಟು ಎಲ್ಲಿಗೆ ಬೇಕಾದರೂ ಹೊಡೆಯಿರಿ’ ಎಂದು ಹೇಳಿ ಬರುತ್ತಿದ್ದ ಕಾಲವದು. ಮಹಾನವಮಿಯಲ್ಲಿ ಅಯ್ಯನವರು ಹುಡುಗರನ್ನು ಕಟ್ಟಿಕೊಂಡು ಮನೆಮನೆಗೆ ಬಂದು ಚೌಪದ ಹಾಡಿಸಿದಾಗ ತಾಯಿ ಬಾಗಿಲಲ್ಲಿ ನಿಂತು ಮಗನ ದನಿಯನ್ನು ಗುರುತಿಸುತ್ತಿದ್ದಳು. ಅವಳಿಗೆ ದೊರೆಯುತ್ತಿದ್ದ ಪ್ರಗತಿಪತ್ರ ಅದೊಂದೇ. ಬೆನ್ನಿನ ಮೇಲಿನ ಬಾಸುಂಡೆಯ ಕಾರಣವನ್ನು ಕೇಳುವ ವಾಡಿಕೆ ಇರಲಿಲ್ಲ. ಇಂದು ಕಾನೂನು ಬೇರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 24ನೆಯ ಕಲಮು ಉಪಾಧ್ಯಾಯರು ತಂದೆತಾಯಿಗಳ ಸಭೆಯನ್ನು ಕ್ರಮವಾಗಿ ಕರೆದು, ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯಲ್ಲಿ ಆದ ಪ್ರಗತಿ, ಇವುಗಳನ್ನೂ ಸಂಬಂಧಪಟ್ಟ ಇತರ ವಿಷಯಗಳನ್ನೂ ತಿಳಿಸಬೇಕೆಂದು ವಿಧಿಸಿದೆ. ಒಳ್ಳೆಯ ವಿಧಿಯೇ. ತೊಡಕಿರುವುದು ‘ಇತರ ವಿಷಯಗಳು’ ಎಂಬ ಎರಡು ಪದಗಳಲ್ಲಿ.

ತರಗತಿಯ ವಿಷಯ ಬೇರೆ, ಮಗುವಿನ ವಿಷಯ ಬೇರೆ ಎಂದು ನನಗೆ ತೋರುತ್ತದೆ. ತರಗತಿಯ ವಿಷಯವನ್ನು ಎಷ್ಟು ಹೇಳಿದರೂ ಹೆಚ್ಚಾಗದು, ಎಷ್ಟು ಬೇಗ ಹೇಳಿದರೂ ಅವಸರವಾಗದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿಯನ್ನೇ ನೋಡಿ. ಮಕ್ಕಳು ಸಾಲಾಗಿ ಕೂರುವುದಿಲ್ಲ, ಗುಂಪುಗುಂಪಾಗಿ ಕೂರುತ್ತಾರೆ. ಕಾರ್ಡು ಹಿಡಿದು ಕಲಿಕೆಯ ಏಣಿಯನ್ನು ಒಬ್ಬೊಬ್ಬರೂ ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ತಾನು ಮಗ್ಗಿ ಉರುಹೊಡೆದು ಕಲಿತ ತಂದೆ ಬಾಗಿಲಲ್ಲಿ ಇಣುಕಿ ನೋಡಿದರೆ, ‘ಇವರು ಪಾಠ ಮಾಡುವುದು ಯಾವಾಗ?’ ಎಂದುಕೊಳ್ಳುವುದು ಸಹಜ. ಇದು ಹೀಗೇಕೆ, ಮಗು ಮನೆಯಲ್ಲಿ ಅಕ್ಷರವನ್ನು ಮಾಲೆಯ ಕ್ರಮದಲ್ಲಿ ಹೇಳದಿದ್ದರೆ ಗಾಬರಿ ಏಕೆ ಬೇಡ, ಎಂಬುದನ್ನು ಮೊದಲ ವಾರದಲ್ಲಿಯೇ ಕೂಡಿಸಿ ಹೇಳಿದರೆ ವರ್ಷವಿಡೀ ಹುಟ್ಟಬಹುದಾದ ಅಪನಂಬಿಕೆಯ ಅರ್ಧ ಕಳೆಯುತ್ತದೆ.

ಮಗುವಿನ ವಿಷಯ ಹಾಗಲ್ಲ. ಹದಿನೈದು ದಿನದ ಪರಿಚಯದಲ್ಲಿ ‘ಇವನು ಸ್ವಲ್ಪ ಮಂದ’ ಎಂದೋ ‘ಇವಳು ಯಾರೊಡನೆಯೂ ಸೇರುವುದಿಲ್ಲ’ ಎಂದೋ ಮನೆಗೆ ಬರೆದರೆ, ಅದು ಸುದ್ದಿಯಾಗಿ ಹೊರಟು ತೀರ್ಪಾಗಿ ತಲುಪುತ್ತದೆ. ಉಪಾಧ್ಯಾಯಿನಿ ಆಗಸ್ಟಿನಲ್ಲಿ ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡಾಳು. ಮನೆಯವರು ಅದನ್ನು ಅಷ್ಟು ಸುಲಭವಾಗಿ ಬದಲಿಸರು. ನೆಂಟರೆದುರಿಗೂ ಆ ಮಾತು ಹರಿದಾಡಿ ಕೊನೆಗೆ ಮಗುವಿನ ಕಿವಿಗೇ ಬೀಳುತ್ತದೆ.

ಕಳೆದ ವರ್ಷದ ಮೊದಲ ವಾರ ತಂಗಿಯ ತರಗತಿಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳಬೇಕು. ಬಹಳ ಸಣ್ಣದು, ಆದರೆ ಇದರ ಮೇಲೆ ನಮ್ಮ ಮನೆಯಲ್ಲಿ ಎರಡು ಭಾನುವಾರ ವಾದ ನಡೆಯಿತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಳಲು ಸಂಕೋಚಪಟ್ಟು ಕೂತಲ್ಲಿಯೇ ಲಂಗ ಒದ್ದೆ ಮಾಡಿಕೊಂಡಳು. ಆಯಾ ಬಂದು ಬಟ್ಟೆ ಬದಲಿಸಿದರು. ಹುಡುಗಿ ತಂಗಿಯ ಸೆರಗು ಹಿಡಿದು, ‘ಅಮ್ಮನಿಗೆ ಹೇಳಬೇಡಿ ಮಿಸ್’ ಎಂದಳು. ಹೇಳುವುದಿಲ್ಲವೆಂದರೆ ತಾಯಿಗೆ ಮರೆಮಾಚಿದಂತೆ. ಬೇರೆ ಲಂಗ ಕಂಡು ಆಕೆ ಕೇಳಿದರೆ ನೀರು ಚೆಲ್ಲಿತೆಂದು ಸುಳ್ಳನ್ನೂ ಹೇಳಬೇಕಾಗುತ್ತದೆ. ಹೇಳುತ್ತೇನೆಂದರೆ ಆ ಮಗು ನಾಳೆಯಿಂದ ತಂಗಿಯ ಬಳಿ ಏನನ್ನೂ ಹೇಳದು. ತಂಗಿ ಅಂದಳಂತೆ: ‘ನಾನು ಹೇಳುವುದಿಲ್ಲ, ನೀನೇ ಹೇಳು. ನಾನು ಪಕ್ಕದಲ್ಲಿ ನಿಂತಿರುತ್ತೇನೆ.’ ಸಂಜೆ ಗೇಟಿನ ಬಳಿ ಹುಡುಗಿ ತಾಯಿಯ ಕಿವಿಯಲ್ಲಿ ಹೇಳಿದಳು. ತಾಯಿ ಬೈಯಲಿಲ್ಲ. ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿ, ಹಿಂದಿರುಗಿ ಬಂದು, ‘ಬೆಳಿಗ್ಗೆಯೇ ನನಗೆ ಫೋನು ಮಾಡಬೇಕಿತ್ತು ಮಿಸ್, ನಾನು ತಾಯಿ’ ಎಂದರಂತೆ.

ತಾಯಿಯ ಮಾತು ಸರಿ ಎಂದು ನನ್ನ ಹೆಂಡತಿ ಹೇಳಿದಳು. ಮಗು ಎಲ್ಲಿದ್ದರೂ ಅದರ ಸಂಕಟ ಮೊದಲು ತಿಳಿಯಬೇಕಾದ್ದು ಹೆತ್ತವಳಿಗೆ. ಆರು ಗಂಟೆ ಕಾಲ ಉಪಾಧ್ಯಾಯಿನಿ ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂರಲು ಯಾರು? ಈ ಪ್ರಶ್ನೆಗೆ ಬಲವಿದೆ. ಆದರೂ ನಾನು ತಂಗಿಯ ಪಕ್ಷ. ಏಕೆಂದರೆ ಆ ದಿನ ನಡೆದದ್ದು ಹುಡುಗಿಗೆ. ಆದ್ದರಿಂದ ಅದು ಮೊದಲು ಅವಳ ಸುದ್ದಿ. ಮನೆಯ ಹೊಸಿಲು ದಾಟಿದ ಮಗು ಮೊದಲ ಬಾರಿಗೆ ತನ್ನದೇ ಆದ ಒಂದು ದಿನವನ್ನು ಪಡೆಯುತ್ತದೆ. ಅದರಲ್ಲಿ ಅವಮಾನವಿದೆ, ಜಗಳವಿದೆ, ಹಂಚಿಕೊಂಡ ಪೆಪ್ಪರಮಿಂಟಿದೆ. ಸಂಜೆ ಅದನ್ನು ತನ್ನ ಮಾತಿನಲ್ಲಿ ಹೇಳುವ, ಅರ್ಧ ಹೇಳುವ, ಒಂದಿಷ್ಟು ಕಟ್ಟಿ ಹೇಳುವ ಅಧಿಕಾರ ಅದಕ್ಕೆ ಸೇರಿದ್ದು. ಕನ್ನಡ ಪಾಠ ಹೇಳುವವನಾದ್ದರಿಂದ ನನಗೆ ಇನ್ನೊಂದೂ ಕಾಣುತ್ತದೆ: ತಾಯಿಗೆ ಮೊದಲೇ ಎಲ್ಲವೂ ಗೊತ್ತಿದ್ದರೆ ಮಗು ಕಥೆ ಹೇಳುವುದು ಯಾರಿಗೆ?

ಹುಡುಗಿಯ ಮೈಮೇಲೆ ಗಾಯವಿದ್ದಿದ್ದರೆ, ಜ್ವರವಿದ್ದಿದ್ದರೆ ನನ್ನ ಮಾತು ಬೇರೆ. ಯಾರಾದರೂ ಮಗುವಿನ ಮೈಮುಟ್ಟಿ ಕೆಟ್ಟದಾಗಿ ನಡೆದುಕೊಂಡ ಸಂಶಯವಿದ್ದರೆ ಮೌನಕ್ಕೆ ಎಡೆಯೇ ಇಲ್ಲ. 2012ರ ಪೋಕ್ಸೊ ಕಾಯಿದೆ ಪೊಲೀಸರಿಗೆ ತಿಳಿಸಲೇಬೇಕೆನ್ನುತ್ತದೆ. ಕೆಲವು ಸಲ ಅಪಾಯ ಮನೆಯೊಳಗೇ ಇರುವುದರಿಂದ, ಮನೆಗೆ ಹೇಳಿದರೆ ಕರ್ತವ್ಯ ತೀರಿತೆಂದುಕೊಳ್ಳುವ ಹಾಗೂ ಇಲ್ಲ.

ಜಪಾನಿನ ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯವನ್ನು ಕುರಿತು 1981ರಲ್ಲಿ ಪ್ರಕಟಿಸಿದ ‘ತೊತ್ತೊ-ಚಾನ್’ ಪುಸ್ತಕವನ್ನು ಓದುಗರಲ್ಲಿ ಹಲವರು ಬಲ್ಲರು. ಮೊದಲ ಶಾಲೆಯ ಉಪಾಧ್ಯಾಯಿನಿ ತಾಯಿಯನ್ನು ಕರೆಸಿ ದೂರಿನ ದೊಡ್ಡ ಪಟ್ಟಿಯನ್ನೇ ಒಪ್ಪಿಸಿ ಹುಡುಗಿಯನ್ನು ಹೊರಗೆ ಹಾಕಿದರು. ತಾಯಿ ಮಗಳಿಗೆ ಅದನ್ನು ತಿಳಿಸಿದ್ದು ಅವಳಿಗೆ ಇಪ್ಪತ್ತು ತುಂಬಿದ ಮೇಲೆ. ಹೊಸ ಶಾಲೆ ತೊಮೊಎಯ ಮುಖ್ಯೋಪಾಧ್ಯಾಯ ಕೊಬಯಾಶಿ ಮೊದಲ ದಿನ ತಾಯಿಯನ್ನು ಮನೆಗೆ ಕಳಿಸಿ, ಮಗುವಿನ ಮಾತನ್ನೇ ನಾಲ್ಕು ಗಂಟೆ ಕೇಳುತ್ತ ಕೂತರು. ಮಗುವಿನ ವಿಷಯವನ್ನು ಮಗುವಿನಿಂದಲೇ ಕೇಳಿದ ಆತನ ತಾಳ್ಮೆಯೂ, ಕೇಳಿದ ಮಾತನ್ನು ಹದಿನಾಲ್ಕು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡ ಆ ತಾಯಿಯ ಗಟ್ಟಿತನವೂ ನನಗೆ ಸಮನಾಗಿ ದೊಡ್ಡವೆನಿಸುತ್ತವೆ.

ಇಷ್ಟೆಲ್ಲ ಹೇಳಿದ್ದು ಹೆಚ್ಚು ತಿಳಿಯಬಯಸುವವರ ಮಾತಾಯಿತು. ನನ್ನ ಬೀದಿಯ ತುದಿಯಲ್ಲಿರುವ ಸರ್ಕಾರಿ ಶಾಲೆಯ ಮಕ್ಕಳ ತಾಯಂದಿರಲ್ಲಿ ಹಲವರು ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಗೆಲಸ ಮಾಡುವವರು. ಪೋಷಕರ ಸಭೆ ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ. ಬಂದರೆ ಆ ದಿನದ ಕೂಲಿ ಹೋಯಿತು. ಬಾರದಿದ್ದರೆ ಈ ತಾಯಂದಿರಿಗೆ ಮಕ್ಕಳ ಮೇಲೆ ಆಸಕ್ತಿಯಿಲ್ಲ ಎಂಬ ಮಾತು. ಅಲ್ಲಿಯ ಒಬ್ಬ ಮೇಷ್ಟರು ಜೂನ್ ತಿಂಗಳ ಸಂಜೆಗಳಲ್ಲಿ ಆರೂವರೆಯ ಹೊತ್ತಿಗೆ, ಗಾರ್ಮೆಂಟ್ಸಿನ ವಾಹನಗಳು ನಿಲ್ಲುವ ಅರಳೀಕಟ್ಟೆಯ ಬಳಿ ನಿಂತಿರುವುದನ್ನು ನಾನು ನೋಡುತ್ತೇನೆ. ಇಳಿದವರೊಡನೆ ಒಂದೊಂದು ನಿಮಿಷ ಮಾತು. ಏನು ಹೇಳುತ್ತೀರೆಂದು ಒಂದು ದಿನ ಕೇಳಿದೆ. “ಏನಿಲ್ಲ ಸಾರ್, ನಾವೇನು ಆಡಿಸ್ತಿದ್ದೀವಿ, ಯಾಕೆ ಆಡಿಸ್ತಿದ್ದೀವಿ ಅಂತ ಹೇಳ್ತೀನಿ. ಮಿಕ್ಕಿದ್ದನ್ನ ಹುಡುಗರನ್ನೇ ಕೇಳಿ ಅಂತೀನಿ,” ಎಂದರು. ಅಷ್ಟರಲ್ಲಿ ಇನ್ನೊಂದು ವಾಹನ ಬಂತು. ಅವರು ಅತ್ತ ನಡೆದರು.